ಕೋಳಿಯೋ ಬಾತುಕೋಳಿಯೋ? ಮೊದಲು ನೀರಿನ ಲೆಕ್ಕ ಹಾಕಿ

ಮನೆ ಹಿಂದೆ ಸ್ವಲ್ಪವೇ ಜಾಗ, ನೀರಿಗೆ ಟ್ಯಾಂಕರ್ ಅಂದರೆ ಕೋಳಿಯನ್ನೇ ಸಾಕಿ. ಬಾತುಕೋಳಿಗೆ ಕೊಳ ಬೇಕಿಲ್ಲ, ಆದರೆ ಕಣ್ಣು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ಟಬ್ ಬೇಕೇ ಬೇಕು. ಇಲ್ಲದಿದ್ದರೆ ಕಣ್ಣು ಅಂಟಿಕೊಂಡು ಸೋಂಕಾಗುತ್ತದೆ. ತುಂಬಿಸಿದ ಸ್ವಲ್ಪ ಹೊತ್ತಿಗೇ ನೀರನ್ನು ಕೆಸರು ಮಾಡಿ ಸುತ್ತ ಚೆಲ್ಲುತ್ತವೆ. ಟಬ್ಬನ್ನು ಬಾಳೆಗಿಡದ ಹತ್ತಿರ ಇಡಿ, ದಿನಾ ಅಲ್ಲೇ ಬಗ್ಗಿಸಿ. ಸಿಮೆಂಟ್ ನೆಲದಲ್ಲಿಟ್ಟರೆ ವಾಸನೆ ತಡೆಯಲಾಗುವುದಿಲ್ಲ.

ಹೆಚ್ಚಿನವರು ಎಡವುವುದು ಆಹಾರದಲ್ಲಿ. ಬಾತುಮರಿಗೆ ಬರೀ ಕೋಳಿಮರಿ ಫೀಡ್ ಹಾಕಿದರೆ ನಯಾಸಿನ್ (ಬಿ3 ವಿಟಮಿನ್) ಸಾಲದೆ ಕಾಲು ಸೊಟ್ಟಗಾಗಬಹುದು. ಕಿಲೋ ಫೀಡಿಗೆ ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ 50 ಗ್ರಾಂ ಬೆರೆಸಿ, ಒದ್ದೆ ಮಾಡಿ ಕೊಡಿ. ಒಣ ಹಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ದಯವಿಟ್ಟು ಹಾಕಬೇಡಿ. ಅದರ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಕೋಳಿಗಿಂತ ಬಾತಿನ ಲಿವರನ್ನು ಬಲು ಬೇಗ ಕೆಡಿಸುತ್ತದೆ, ಕಣ್ಣೆದುರೇ ಸಾಯುತ್ತವೆ.

ಕೋಳಿಗೆ ಇಷ್ಟು ರಗಳೆ ಇಲ್ಲ. ಮೊಟ್ಟೆ ಕೋಳಿಗೆ ದಿನಕ್ಕೆ 110–120 ಗ್ರಾಂ ಲೇಯರ್ ಫೀಡ್ ಸಾಕು. ಮರಿಗೆ 5–7ನೇ ದಿನ ರಾಣಿಖೇತ್‌ ರೋಗದ ಲಸಿಕೆ ಲಸೋಟಾ ಹನಿ ಮಾತ್ರ ತಪ್ಪಿಸಬೇಡಿ. ಮೊಟ್ಟೆಗಷ್ಟೇ ಆದರೆ ಹುಂಜ ಬೇಡ, ಅಕ್ಕಪಕ್ಕದವರ ನಿದ್ದೆ ಉಳಿಯುತ್ತದೆ.

ಬಾತೇ ಬೇಕೆಂದರೆ ಖಾಕಿ ಕ್ಯಾಂಪ್‌ಬೆಲ್ ತಳಿ ನೋಡಿ. ಬೆಂಗಳೂರು ಹತ್ತಿರದ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮರಿ ವಿಚಾರಿಸಿ. ಬೆಳಗಿನ ಜಾವ ಕಂಡಲ್ಲಿ ಮೊಟ್ಟೆ ಹಾಕುವ ಜಾತಿ, 9 ಗಂಟೆವರೆಗೂ ಗೂಡಿನ ಬಾಗಿಲು ತೆಗೆಯಬೇಡಿ.