ಮಿಲ್ಲಿನ ಗದ್ದಲದಲ್ಲೂ ತಪ್ಪದ ನನ್ನ ಚೀಲದ ಲೆಕ್ಕ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿಗೆ ಚೀಲ ಎಣಿಸುವ ಬೋರ್ಡು ಮಾಡಿಕೊಟ್ಟಿದ್ದೆ. ನನ್ನ ಟೇಬಲ್ ಮೇಲೆ ವಾರಗಟ್ಟಲೆ ಒಂದೂ ತಪ್ಪಿಲ್ಲ. ಮಿಲ್ಲಿನಲ್ಲಿ ಎಲಿವೇಟರಿನ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚು) ಬಿಟ್ಟ ಕೂಡಲೇ, ಅದು ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ ಬೋರ್ಡು ರಿಸೆಟ್ ಆಗಿ 340 ಇದ್ದ ಲೆಕ್ಕ ಸೊನ್ನೆ! "ಬಿಡ್ರಿ ಸರ್, ಹುಡುಗ್ರು ಗೀಟು ಹಾಕಿ ಎಣಿಸೋದೇ ಛಲೋ ಅದ" ಎಂದರು ಸಾಹುಕಾರರು. ಆ ಮಾತು ಚುಚ್ಚಿತು.

ಗೆಳೆಯರು ಹೇಳಿದರೆಂದು ಗದ್ದಲ ತಡೆಯಲು ಬೋರ್ಡಿಗೆ ಕಬ್ಬಿಣದ ಡಬ್ಬಿ ಮಾಡಿಸಿದೆ. ಸುಮಾರು 1,800 ರೂಪಾಯಿ ಹೋಯಿತು, ರಿಸೆಟ್ ಹೋಗಲಿಲ್ಲ. ಆಮೇಲೆ ಕರೆಂಟಿನ ಜೊತೆ ಬರುವ ಗದ್ದಲ ಸೋಸುವ ರೆಡಿಮೇಡ್ ಲೈನ್ ಫಿಲ್ಟರ್, ಅದಕ್ಕೆ 600-700. ರಿಸೆಟ್ ಕಡಿಮೆಯಾಯಿತು, ಆದರೆ ಚೀಲ ಬರದೇ ಲೆಕ್ಕ ಏರತೊಡಗಿತು. ಬೇಸಿಗೆಗೆ ಎರೆ ಮಣ್ಣು ಬಿರುಕು ಬಿಟ್ಟಿತ್ತು. ಅರ್ಥಿಂಗ್ ಒಣಗಿರಬೇಕು ಎಂದು ಮೂರು ದಿನ ಗುಂಡಿಗೆ ನೀರು ಹಾಕಿಸಿದೆ. ಅರ್ಥ್ ಸುಧಾರಿಸಿತು, ಅದೂ ಬೇಕಿತ್ತು. ನನ್ನ ತೊಂದರೆ ಹಾಗೇ ಉಳಿಯಿತು.

ದಾರಿ ತೋರಿಸಿದ್ದು ಹಳೇ ಪಾಕೆಟ್ ರೇಡಿಯೋ, ವಿದ್ಯುತ್ ಗದ್ದಲ ಅದರಲ್ಲಿ ಗರಗರ ಎಂದು ಕೇಳಿಸುತ್ತದೆ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟು ಪ್ಯಾನೆಲ್ ಸುತ್ತ ಹಿಡಿದೆ. ಬೋರ್ಡಿನ ಹತ್ತಿರಕ್ಕಿಂತ, ಚೀಲ ಗುರುತಿಸುವ ಸೆನ್ಸರಿನ ವೈರಿನ ಉದ್ದಕ್ಕೂ ಗರಗರ ಜಾಸ್ತಿ. ಆ ವೈರು ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಕೇಬಲ್ಲಿನ ಪಕ್ಕದಲ್ಲೇ, ಒಂದೇ ಟ್ರೇಯಲ್ಲಿ 12 ಮೀಟರ್ ಓಡಿತ್ತು! ವೈರೇ ಆಂಟೆನಾ ಆದಾಗ ಡಬ್ಬಿ ಏನು ಮಾಡೀತು ಅಲ್ವಾ?

ಕಾಂಟ್ಯಾಕ್ಟರಿನ 230 ವೋಲ್ಟಿನ ಕಾಯಿಲಿಗೆ ಅಡ್ಡಲಾಗಿ ಸ್ನಬ್ಬರ್ ಹಾಕಿದೆ, ಅಂದರೆ ಕಾಯಿಲ್ ಬಿಡುವಾಗಿನ ವೋಲ್ಟೇಜ್ ಏಟನ್ನು ನುಂಗುವ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್‌ಗೆ ಹಾಕುವ ಸುರಕ್ಷಿತ ಬಗೆ) ಕೆಪಾಸಿಟರಿನ ಜೋಡಿ. 40 ರೂಪಾಯಿಯೂ ಆಗಲಿಲ್ಲ, ರಿಸೆಟ್ ಪೂರ್ತಿ ನಿಂತಿತು. ಸೆನ್ಸರಿಗೆ ತಿರುಚಿದ ಜೋಡಿಯ, ಲೋಹದ ಹೊದಿಕೆ ಇರುವ ಶೀಲ್ಡ್ ವೈರ್ ಹಾಕಿ, ವಿಎಫ್‌ಡಿ ಕೇಬಲ್ ಬಿಟ್ಟು ಬೇರೆ ದಾರಿಯಲ್ಲಿ ಎಳೆದೆ. ಹಳೇ ಮಾನಿಟರ್ ಕೇಬಲ್ಲಿನಿಂದ ತೆಗೆದ ಫೆರೈಟ್ ರಿಂಗನ್ನೂ (ವೈರಿನ ಗದ್ದಲ ತಡೆಯುವ ಕಪ್ಪು ಉಂಗುರ) ಪರೀಕ್ಷಿಸಿದೆ. ವೈರನ್ನು ಸುಮ್ನೆ ತೂರಿಸಿದರೆ ಏನೂ ಇಲ್ಲ, ನಾಲ್ಕು ಸುತ್ತು ಹಾಕಿದಾಗ ರೇಡಿಯೋದ ಗರಗರ ತಣ್ಣಗಾಯಿತು.

ಬೋರ್ಡಿನಲ್ಲೂ ನನ್ನದೇ ತಪ್ಪಿತ್ತು. ಒಂದು ಉದ್ದ ಟ್ರ್ಯಾಕ್ (ತಾಮ್ರದ ಗೆರೆ) ಗ್ರೌಂಡ್ ಪ್ಲೇನನ್ನು, ಅಂದರೆ ಕರೆಂಟು ವಾಪಸ್ ಹರಿಯುವ ತಾಮ್ರದ ಪದರವನ್ನು ಸೀಳಿತ್ತು, ಕರೆಂಟು ಸುತ್ತು ಬಳಸಿ ವಾಪಸ್ ಬರುತ್ತಿತ್ತು. ಮೂರನೇ ಸಲ ಬೋರ್ಡು ಮಾಡಿಸಿದಾಗ ಕೆಳಗಿನ ಪದರವನ್ನು ಇಡಿಯಾಗಿ ತಾಮ್ರವೇ ಬಿಟ್ಟೆ. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರಿನ ಇನ್‌ಪುಟ್ ಕೆಪಾಸಿಟರನ್ನು ಚಿಪ್ಪಿಗೆ ಅಂಟಿಸಿದಂತೆ ಕೂರಿಸಿದೆ. ಐದು ಬೋರ್ಡಿಗೆ 2,500ರ ಹತ್ತಿರ ಬಂತು. ಚೀಲ ಬರದೇ ಬರುವ ಸುಳ್ಳು ಪಲ್ಸನ್ನು (ಸಿಗ್ನಲ್) ಸಾಫ್ಟ್‌ವೇರಿನಲ್ಲಿ ಹೇಗೆ ಸೋಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ.

ಈ ತೊಗರಿ ಸುಗ್ಗಿಯಲ್ಲಿ ದಿನಕ್ಕೆ 900ರಷ್ಟು ಚೀಲ ಹೋಗಿವೆ. ಎರಡು ತಿಂಗಳಾಯಿತು, ಗೀಟಿನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ಚೀಲದ ವ್ಯತ್ಯಾಸವೂ ಬಂದಿಲ್ಲ. ಸಾಹುಕಾರರು ಇನ್ನೆರಡು ಬೋರ್ಡು ಹೇಳಿದ್ದಾರೆ.