ಕಿವಿಗೆ ಬಿದ್ರೆ ಹಿಯರ್, ಕಿವಿ ಕೊಟ್ರೆ ಲಿಸನ್: ಚಿಕ್ಕ ಮಕ್ಕಳಿಗೆ ಹೇಳ್ಕೊಡೋದು ಹೇಗೆ?

ಎರಡನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ನಿಂತು "ಮಿಸ್, ಐ ಆಮ್ ನಾಟ್ ಲಿಸನಿಂಗ್" ಅಂದ್ಲು. ಹೊರಗೆ ಜೋರು ಮಳೆ, ನಮ್ಮದು ಶೀಟಿನ ಛಾವಣಿ, ಹನಿ ಬೀಳೋ ಸದ್ದಿಗೆ ನನ್ನ ಮಾತು ನನಗೇ ಸರಿಯಾಗಿ ಕೇಳಿಸ್ತಿರ್ಲಿಲ್ಲ, ಇನ್ನು ಕೊನೇ ಸಾಲಲ್ಲಿ ಕೂತಿದ್ದ ಅವಳಿಗೆ ಎಲ್ಲಿಂದ ಕೇಳಿಸ್ಬೇಕು. ಪಾಪ ಅವಳು ಹೇಳೋಕೆ ಹೊರಟಿದ್ದು "ಕೇಳಿಸ್ತಾ ಇಲ್ಲ ಮಿಸ್" ಅಂತ, ಆದ್ರೆ ಇಂಗ್ಲಿಷ್‌ನಲ್ಲಿ ಅವಳ ಬಾಯಿಂದ ಬಂದಿದ್ದು "ನಾನು ನಿಮ್ಮ ಮಾತಿಗೆ ಕಿವಿ ಕೊಡ್ತಾ ಇಲ್ಲ" ಅಂತ. ಕನ್ನಡ ಗೊತ್ತಿಲ್ಲದ ಟೀಚರ್ ಆಗಿದ್ರೆ ಬೈಸ್ಕೊಂಡು ಕೂತಿರೋಳು.

ಇದು ಮಕ್ಕಳ ದಡ್ಡತನ ಅಲ್ಲವೇ ಅಲ್ಲ. ನಮ್ಮ "ಕೇಳು" ಅನ್ನೋ ಒಂದೇ ಪದ ಇಂಗ್ಲಿಷ್‌ನ ಮೂರು ಪದದ ಕೆಲಸ ಮಾಡುತ್ತೆ: ಆಸ್ಕ್, ಹಿಯರ್, ಲಿಸನ್. ಮಿಸ್ಸನ್ನ ಕೇಳು, ಹಾಡು ಕೇಳು, ಅಮ್ಮನ ಮಾತು ಕೇಳು, ಎಲ್ಲ ಕೇಳೇ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ, ಅಂದ್ರೆ ಕನ್ನಡದಲ್ಲೇ ಇನ್ನೂ ಮಾತು ಪೂರ್ತಿ ಬಲಿಯದ ವಯಸ್ಸಲ್ಲಿ ಮಗು ಈ ಮೂರನ್ನ ಬೇರೆ ಬೇರೆ ಮಾಡ್ಕೋಬೇಕು. ಗೈಡ್‌ಗಳಲ್ಲಿ ಹಿಯರ್ ಅಂದ್ರೆ ಕೇಳು, ಲಿಸನ್ ಅಂದ್ರೆ ಆಲಿಸು ಅಂತ ಬರೆದು ಮುಗಿಸಿಬಿಡ್ತಾರೆ. ಆಲಿಸು ಅಂತ ಯಾವ ಮನೇಲಿ ಯಾರು ಮಾತಾಡ್ತಾರೆ ಹೇಳಿ, ಮಗುಗೆ ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಗೊತ್ತಿಲ್ಲದ ಕನ್ನಡ ಪದ ಕೊಟ್ಟ ಹಾಗಾಯ್ತು ಅಷ್ಟೆ.

ಆದ್ರೆ ಮನೆಮಾತಲ್ಲಿ ಈ ವ್ಯತ್ಯಾಸ ಇದ್ದೇ ಇದೆ. ಸುದ್ದಿ ಕಿವಿಗೆ ಬಿತ್ತು ಅಂತೀವಿ, ಅವನು ನನ್ನ ಮಾತಿಗೆ ಕಿವಿನೇ ಕೊಡ್ಲಿಲ್ಲ ಅಂತೀವಿ. ತಾನಾಗೇ ಬಿದ್ರೆ ಹಿಯರ್, ನಾವಾಗೇ ಕೊಟ್ರೆ ಲಿಸನ್. ಐದರಿಂದ ಎಂಟು ವರ್ಷದ ಮಕ್ಕಳಿಗೆ ನಾನು ಇಲ್ಲಿಂದಲೇ ಶುರು ಮಾಡೋದು, ದಿನಕ್ಕೆ ಹತ್ತು ನಿಮಿಷದ ಹಾಗೆ ಒಂದು ವಾರ ಸಾಕು, ಒಂದೇ ದಿನ ಕೂರಿಸ್ಕೊಂಡು ತಲೆಗೆ ತುರುಕೋಕೆ ಹೋಗ್ಬೇಡಿ.

ಮೊದಲು ಬಾಯಿ ಬೇರೆ, ಕಿವಿ ಬೇರೆ

ಮೊದಲ ದಿನ ಹಿಯರ್ ಲಿಸನ್ ಸುದ್ದಿಗೇ ಹೋಗ್ಬೇಡಿ, ಆಸ್ಕ್ ಅನ್ನ ಪಕ್ಕಕ್ಕಿಟ್ರೆ ಸಾಕು. ನೀವು ಕನ್ನಡದಲ್ಲಿ ಒಂದೊಂದೇ ವಾಕ್ಯ ಹೇಳಿ, ಮಗು ಬಾಯಿ ಮುಟ್ಕೋಬೇಕು ಇಲ್ಲಾ ಕಿವಿ ಮುಟ್ಕೋಬೇಕು. "ಅಜ್ಜಿ ಹತ್ರ ದುಡ್ಡು ಕೇಳ್ದೆ" ಅಂದ್ರೆ ಬಾಯಿ. "ಅಜ್ಜಿ ಹತ್ರ ಕಥೆ ಕೇಳ್ದೆ" ಅಂದ್ರೆ ಕಿವಿ. ಇಲ್ಲಿ ಯಾರಾದ್ರೂ ಒಬ್ಬ ಜಾಣ ಇದ್ದೇ ಇರ್ತಾನೆ, "ಮಿಸ್, ಕಥೆ ಹೇಳಜ್ಜಿ ಅಂತ ಬಾಯಲ್ಲೇ ಕೇಳ್ಬೋದಲ್ವಾ" ಅಂತಾನೆ. ಅವನು ಹೇಳಿದ್ದು ಸರಿ, ಎರಡೂ ಮುಟ್ಕೋ ಅನ್ನಿ. ಬಾಯಿ ಮುಟ್ಟಿದ್ದಕ್ಕೆಲ್ಲ ಆಸ್ಕ್ ಅಂತ ಹೇಳಿಸಿ, ಅವತ್ತಿಗೆ ಪಾಠ ಮುಗೀತು.

ಒಂದೇ ರೇಡಿಯೋ, ಎರಡು ಕೆಲಸ

ಎರಡನೇ ದಿನ ಮನೇಲಿ ರೇಡಿಯೋ ಇದ್ರೆ ಅದು, ಇಲ್ಲಾಂದ್ರೆ ಮೊಬೈಲ್‌ನಲ್ಲಿ ಆಕಾಶವಾಣಿ ಹಾಕಿ. (ಆಕಾಶವಾಣಿ ಅನ್ನೋ ಹೆಸರು ನಮ್ಮ ಮೈಸೂರಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ಶುರು ಮಾಡಿದ ರೇಡಿಯೋ ಸ್ಟೇಷನ್‌ದು, ಇದನ್ನ ಮಕ್ಕಳಿಗೆ ಹೇಳಿದ್ರೆ ಕಣ್ಣರಳಿಸಿ ಕೂರ್ತಾರೆ.) ಟಿವಿ ಬೇಡ, ಚಿತ್ರ ಇದ್ರೆ ಮಗುವಿನ ಗಮನ ಕಣ್ಣಿಗೆ ಹೋಗುತ್ತೆ, ನಮಗೆ ಬೇಕಾಗಿರೋದು ಬರೀ ಕಿವಿ.

ರೇಡಿಯೋ ಒಂದು ಕಡೆ ಹಾಡ್ತಾ ಇರ್ಲಿ, ಮಗು ಇನ್ನೊಂದು ಕಡೆ ಚಿತ್ರಕ್ಕೆ ಬಣ್ಣ ಹಾಕ್ತಾ ಇರ್ಲಿ. ಐದು ನಿಮಿಷ ಆದ್ಮೇಲೆ "ರೇಡಿಯೋಲಿ ಏನು ಬಂತು?" ಅಂತ ಕೇಳಿ. "ಯಾವುದೋ ಹಾಡು" ಅನ್ನುತ್ತೆ, ಪದ ಗೊತ್ತಿರಲ್ಲ. ಆಗ ಹೇಳಿ, ನಿನ್ನ ಕಿವಿಗೆ ಬಿತ್ತು, ಯು ಹರ್ಡ್ ಇಟ್. ಈಗ ಬಣ್ಣದ ಪೆನ್ಸಿಲ್ ಕೆಳಗಿಡಿಸಿ, ರೇಡಿಯೋ ಪಕ್ಕ ಕೂರಿಸಿ, ಮುಂದಿನ ಹಾಡಲ್ಲಿ ಚಂದ್ರ ಅನ್ನೋ ಪದನೋ ಹೂವು ಅನ್ನೋ ಪದನೋ ಬರುತ್ತಾ ನೋಡು ಅನ್ನಿ. ಹಾಡು ಮುಗಿದ್ಮೇಲೆ ಹೇಳಿ, ಈಗ ನೀನು ಕಿವಿ ಕೊಟ್ಟೆ, ಯು ಲಿಸನ್ಡ್ ಟು ಇಟ್. ರೇಡಿಯೋ ಅದೇ, ವಾಲ್ಯೂಮ್ ಅದೇ, ಬದಲಾಗಿದ್ದು ನೀನು ಮಾತ್ರ. ಈ ಒಂದು ಮಾತು ಮಗುಗೆ ಹೊಳೆದ್ರೆ ಮುಕ್ಕಾಲು ಪಾಠ ಮುಗಿದ ಹಾಗೆ, ಯಾಕಂದ್ರೆ ಸುಮಾರು ಮಕ್ಕಳು ಸಣ್ಣ ಸದ್ದು ಹಿಯರ್, ದೊಡ್ಡ ಸದ್ದು ಲಿಸನ್ ಅಂತ ತಾವೇ ಒಂದು ರೂಲ್ ಮಾಡ್ಕೊಂಡಿರ್ತಾರೆ.

ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ ಅನ್ನೋ ಗಾದೇನೂ ಇಲ್ಲೇ ಬಳಸ್ಕೋಬಹುದು. ಕೋಣ ಕಿವುಡಾ? ಅಲ್ಲ. ಕಿನ್ನರಿ ಸದ್ದು ಅದರ ಕಿವಿಗೆ ಬೀಳುತ್ತಾ? ಬೀಳುತ್ತೆ. ಕಿವಿ ಕೊಡುತ್ತಾ? ಇಲ್ಲ, ಮೇಯ್ತಾ ಇರುತ್ತೆ. ನಾನು ಬೋರ್ಡ್ ಮೇಲೆ ಕೋಣದ ಚಿತ್ರ ಬರೆದು ಒಂದು ಕಡೆ ಹಿಯರ್‌ಗೆ ಟಿಕ್, ಇನ್ನೊಂದು ಕಡೆ ಲಿಸನ್‌ಗೆ ಇಂಟು ಹಾಕಿಸ್ತೀನಿ, ವರ್ಷ ಆದ್ರೂ ಆ ಕೋಣ ಮಕ್ಕಳಿಗೆ ಮರೆಯಲ್ಲ.

ಕಣ್ಣು ಮುಚ್ಚಿ ಎರಡು ನಿಮಿಷ

ಮೂರನೇ ದಿನ ಎಲ್ಲರೂ ನೆಲದ ಮೇಲೆ ಸುತ್ತ ಕೂತು ಕಣ್ಣು ಮುಚ್ಚೋದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತೇ ಕಲಿಯೋದಲ್ವಾ, ಆ ಕ್ಲಾಸಿಗೆ ಇದು ಹೇಳಿ ಮಾಡಿಸಿದ ಆಟ. ನೀವು "ಲಿಸನ್" ಅಂತ ಮೆತ್ತಗೆ ಹೇಳಿ. ಎರಡು ನಿಮಿಷ ಯಾರೂ ಮಾತಾಡೋ ಹಾಗಿಲ್ಲ. ಕಣ್ಣು ಬಿಟ್ಮೇಲೆ ಒಬ್ಬೊಬ್ಬರೇ ಹೇಳ್ಬೇಕು: ಐ ಹರ್ಡ್ ಅ ಕುಕ್ಕರ್ ವಿಷಲ್. ಐ ಹರ್ಡ್ ಅ ಬಸ್. ಐ ಹರ್ಡ್ ಅ ಕ್ರೋ. ಸೊಪ್ಪಿನವರ ಕೂಗು, ಕಸದ ಗಾಡಿ ಹಾಡು, ಬಿಸಿಯೂಟದ ತಟ್ಟೆ ಸದ್ದು, ದೇವಸ್ಥಾನದ ಗಂಟೆ, ಇಂಗ್ಲಿಷ್ ಪದ ಗೊತ್ತಿಲ್ಲದಿದ್ರೆ ಕನ್ನಡದ್ದೇ ಹಾಕ್ಲಿ, "ಐ ಹರ್ಡ್ ಅ ಗಂಟೆ" ಅಂದ್ರೂ ನಾನು ಒಪ್ಕೋತೀನಿ, ಇವತ್ತಿನ ಪಾಠ ಗಂಟೆ ಅಲ್ಲ ಹರ್ಡ್. ಅದನ್ನ ಹಿಯರ್ಡ್ ಅನ್ನದೆ ಹರ್ಡ್ ಅಂತಲೇ ಹೇಳಿಸಿ, ಲಿಸನ್‌ನಲ್ಲಿ ಟಿ ಅಕ್ಷರ ಇದ್ರೂ ಬಾಯಿಗೆ ಬರಲ್ಲ ಅನ್ನೋದನ್ನೂ ನೀವೇ ಸರಿಯಾಗಿ ಹೇಳಿ ತೋರಿಸಿದ್ರೆ ಸಾಕು, ರೂಲ್ ಬೇಡ.

ಯಾರೋ ಒಂದು ಮಗು "ನನಗೇನೂ ಕೇಳಿಸ್ಲಿಲ್ಲ" ಅಂದ್ರೆ ಅದು ವರ. ಏಕೆಂದ್ರೆ ಆಗ ಎರಡೂ ಪದ ಒಂದೇ ವಾಕ್ಯದಲ್ಲಿ ಬರುತ್ತೆ: ಐ ಲಿಸನ್ಡ್, ಬಟ್ ಐ ಹರ್ಡ್ ನಥಿಂಗ್. ಕಿವಿ ಕೊಟ್ಟೆ, ಏನೂ ಬೀಳ್ಲಿಲ್ಲ. ಈ ವಾಕ್ಯನ ಎಲ್ಲರ ಬಾಯಲ್ಲೂ ಹೇಳಿಸಿ.

ಅಮೆರಿಕದ ಸೈಕಾಲಜಿಸ್ಟ್ ಜೇಮ್ಸ್ ಆಶರ್ 1960ರ ದಶಕದಲ್ಲಿ ಬೆಳೆಸಿದ ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅನ್ನೋ ಪದ್ಧತೀಲಿ ಮಗು ಮೊದಲು ಮಾತು ಕೇಳಿಸ್ಕೊಂಡು ಮೈಯಲ್ಲಿ ಮಾಡಿ ತೋರಿಸುತ್ತೆ, ಬಾಯಿ ತೆಗೆಯೋದು ಆಮೇಲೆ. ಮಾತಾಡೋಕೆ ನಾಚ್ಕೊಳ್ಳೋ ಮಕ್ಕಳಿಗೆ ಅದು ತುಂಬ ಅನುಕೂಲ. ಹಿಯರ್ ಅಂದಾಗ ಕೈ ಕಟ್ಟಿ ಸುಮ್ನೆ ಕೂರೋದು, ಲಿಸನ್ ಅಂದಾಗ ಕಿವಿ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗೋದು, ಅಷ್ಟೇ ಆಟ.

ಗೆ ಎಲ್ಲಿದೆಯೋ ಟು ಅಲ್ಲಿ

"ಲಿಸನ್ ಮಿ", "ಐ ಲಿಸನ್ ಮ್ಯೂಸಿಕ್", ಇದು ದೊಡ್ಡವರ ಬಾಯಲ್ಲೂ ಬರೋ ತಪ್ಪು. ಲಿಸನ್ ಆದ್ಮೇಲೆ ಟು ಹಾಕ್ಬೇಕು ಅಂತ ನೂರು ಸಲ ಬರೆಸಿದ್ರೂ ಮರೀತಾರೆ, ಆದ್ರೆ ಕನ್ನಡದ "ಗೆ" ತೋರಿಸಿದ್ರೆ ಮರೆಯಲ್ಲ. ಯಾವುದಕ್ಕೆ ಕಿವಿ ಕೊಟ್ಟೆ? ಹಾಡಿಗೆ ಕಿವಿ ಕೊಟ್ಟೆ. ಹಾಡಿಗೆ ಅನ್ನೋದ್ರಲ್ಲಿ "ಗೆ" ಇದೆ, ಲಿಸನ್ ಟು ದ ಸಾಂಗ್. ಈಗ ಇನ್ನೊಂದು: ನನಗೆ ಹಾಡು ಕೇಳಿಸ್ತು. ಹಾಡಿನ ಬಾಲದಲ್ಲಿ "ಗೆ" ಇಲ್ಲ, ಹಾಗಾಗಿ ಐ ಹರ್ಡ್ ದ ಸಾಂಗ್, ಟು ಬೇಡ. ಗೆ ಅನ್ನೋದು ಹಾಡಿಗೆ ಅಂಟಿದ್ರೆ ಲಿಸನ್, ನನಗೆ ಅಂಟಿದ್ರೆ ಹಿಯರ್. ಎಷ್ಟು ಚೆನ್ನಾಗಿದೆ ನೋಡಿ ನಮ್ಮ ಭಾಷೆ, ಮನಸ್ಸಿಟ್ಟು ಮಾಡೋ ಕೆಲಸಕ್ಕೆ "ನಾನು" ಅಂತೀವಿ, ತಾನಾಗೇ ಆಗೋದಕ್ಕೆ "ನನಗೆ" ಅಂತೀವಿ. ನಾನು ಕೇಳಿಸ್ಕೊಂಡೆ, ನನಗೆ ಕೇಳಿಸ್ತು.

ಒಂದು ಎಚ್ಚರ. "ನಾನು ಆ ಹೆಸರು ಕೇಳಿದೀನಿ" ಅಂತೀವಲ್ಲ, ಅಲ್ಲಿ ನಾನು ಅಂತಿದ್ರೂ ಇಂಗ್ಲಿಷ್‌ನಲ್ಲಿ ಹಿಯರ್ರೇ ಬರೋದು. ಡೌಟ್ ಬಂದಾಗೆಲ್ಲ ಕಿವಿಗೆ ಬಿದ್ದಿದೆ ಅಂತ ಹಾಕಿ ನೋಡೋಕೆ ಹೇಳಿ, "ಆ ಹೆಸರು ಕಿವಿಗೆ ಬಿದ್ದಿದೆ" ಅನ್ನೋದು ಸರಿ ಹೋಗುತ್ತೆ, ಹಾಗಾಗಿ ಹಿಯರ್. ಇನ್ನು ಬರೀ "ಲಿಸನ್!" ಅಂತ ಕೂಗೋವಾಗ ಯಾವುದಕ್ಕೆ ಅಂತ ಹೇಳ್ತಾ ಇಲ್ಲ, ಅಲ್ಲಿ ಟು ಇಲ್ಲ.

ಅಮ್ಮನ ಮಾತು ಕೇಳು ಅನ್ನೋದಕ್ಕೆ ಲಿಸನ್ ಟು ಅಮ್ಮ. ಎರಡು ಭಾಷೇಲೂ ಮಾತು ಕೇಳೋದು ಅಂದ್ರೆ ಹೇಳಿದ ಹಾಗೆ ನಡ್ಕೊಳ್ಳೋದು ಅಂತಲೂ ಅರ್ಥ ಇದೆ, ಇದನ್ನ ಮಕ್ಕಳು ಬೇಗ ಹಿಡೀತಾರೆ.

ಐ ಕಾಂಟ್ ಹಿಯರ್ ಯು

ಕನ್ನಡ ದಾರಿ ತಪ್ಪಿಸೋ ಜಾಗ ಅಂದ್ರೆ ಇದು. ಕೇಳಿಸ್ತಾ ಇದೆ, ಕೇಳಿಸ್ತಾ ಇಲ್ಲ ಅಂತ ನಾವು ಆರಾಮಾಗಿ ಹೇಳೋದ್ರಿಂದ ಮಕ್ಕಳು "ಐ ಆಮ್ ಹಿಯರಿಂಗ್", "ಐ ಆಮ್ ನಾಟ್ ಹಿಯರಿಂಗ್ ಯು" ಅಂತಾರೆ. ಲಿಸನ್‌ಗೆ ಇಂಗ್ ಸೇರಿಸ್ಬಹುದು, ಐ ಆಮ್ ಲಿಸನಿಂಗ್ ಸರಿ. ಹಿಯರ್‌ಗೆ ಇಂಗ್ ಬದಲು ಕ್ಯಾನ್ ಹಾಕಿಸಿ: ಐ ಕ್ಯಾನ್ ಹಿಯರ್ ಯು, ಐ ಕಾಂಟ್ ಹಿಯರ್ ಯು. ವಿವರಣೆ ಕೊಡೋಕೆ ಹೋಗದೆ ಹಾಡಿನ ಸಾಲಿನ ಹಾಗೆ ಬಾಯಿಪಾಠ ಮಾಡಿಸೋದೇ ಒಳ್ಳೇದು. ಇಬ್ಬರು ಮಕ್ಕಳಿಗೆ ಆಟದ ಫೋನ್ ಕೊಡಿ. ಒಬ್ಬ "ಕ್ಯಾನ್ ಯು ಹಿಯರ್ ಮಿ?" ಅನ್ಬೇಕು, ಅದು ನಮ್ಮ "ಹಲೋ, ಕೇಳಿಸ್ತಾ ಇದ್ಯಾ?". ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬೇಕಂತಲೇ ಕಿಟಕಿ ಕಡೆ ನೋಡ್ಬೇಕು, ಆಗ ಮೊದಲನೆಯವನು "ಆರ್ ಯು ಲಿಸನಿಂಗ್ ಟು ಮಿ?" ಅನ್ಬೇಕು, ಅದು "ನಾನು ಹೇಳಿದ್ದು ಕೇಳಿಸ್ಕೋತಾ ಇದ್ದೀಯಾ?".

ಈ ಆಟ ಬಿಡ್ಲೇಬೇಡಿ ಅಂತ ನಾನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಒಂದು ವರ್ಷ ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಕರೆದ್ರೆ ತಿರುಗ್ತಿರ್ಲಿಲ್ಲ, ಹೇಳಿದ್ದು ಮಾಡ್ತಿರ್ಲಿಲ್ಲ, ದಿನಾ ಅವನಿಗೆ ನನ್ನಿಂದ "ಲಿಸನ್, ಲಿಸನ್" ಅಂತ ಗದರಿಕೆ. ಎಷ್ಟೋ ದಿನ ಆದ್ಮೇಲೆ ಅವರಮ್ಮ ಕಿವಿ ಡಾಕ್ಟರ್ ಹತ್ರ ತೋರಿಸಿದ್ರು, ಪದೇ ಪದೇ ನೆಗಡಿಯಾಗಿ ಕಿವಿ ತಮಟೆ ಹಿಂದೆ ನೀರು ತುಂಬ್ಕೊಂಡಿತ್ತಂತೆ, ಈ ವಯಸ್ಸಿನ ಮಕ್ಕಳಲ್ಲಿ ಅದು ಸಾಮಾನ್ಯ. ಅವನು ಕಿವಿ ಕೊಡ್ತಾನೇ ಇದ್ದ, ಕಿವಿಗೆ ಬೀಳ್ತಿರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೇಲಿ ಸಂಕಟ ಆಗುತ್ತೆ. ಆವತ್ತಿಂದ ಹೊಸ ಕ್ಲಾಸಿಗೆ ನಾನು ಗುಡ್ ಮಾರ್ನಿಂಗ್ ಆದ್ಮೇಲೆ ಕಲಿಸೋ ಮೊದಲ ವಾಕ್ಯ ಐ ಕಾಂಟ್ ಹಿಯರ್ ಯು, ಮಿಸ್. ಯಾವ ಮಗುವಾದ್ರೂ ಅದನ್ನ ಪದೇ ಪದೇ ಹೇಳಿದ್ರೆ ಮುಂದಿನ ಸಾಲಿಗೆ ಕೂರಿಸ್ತೀನಿ, ಮನೆಯವರಿಗೆ ಹೇಳಿ ಕಿವಿ ತೋರಿಸೋಕೆ ಕಳಿಸ್ತೀನಿ. ಮೈಸೂರಲ್ಲಂತೂ ಇದಕ್ಕೇ ಅಂತ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಬರೆಯೋಕೆ ಬಂದ್ಮೇಲೆ

ಹಿಯರ್ ಸ್ಪೆಲಿಂಗ್‌ನಲ್ಲಿ ಎಚ್ ಮುಚ್ಚಿದ್ರೆ ಉಳಿಯೋದು ಇ-ಎ-ಆರ್, ಇಯರ್, ಕಿವಿ. ಇದನ್ನ ತೋರಿಸಿದ್ರೆ "ಇಲ್ಲಿ" ಅನ್ನೋ ಇನ್ನೊಂದು ಹಿಯರ್ ಜೊತೆ ಕಲಸಿಕೊಳ್ಳೋದು ನಿಲ್ಲುತ್ತೆ. ಲಿಸನ್‌ನ ಆರು ಅಕ್ಷರನ ಹಿಂದೆ ಮುಂದೆ ಜೋಡಿಸಿದ್ರೆ ಸೈಲೆಂಟ್ ಆಗುತ್ತೆ, ಇದು ಮೂರನೇ ಕ್ಲಾಸಿನ ಮೇಲಿನವರಿಗೆ ಸಾಕು, ಅಕ್ಷರ ಬರೆದ ಚೀಟಿ ಕೊಟ್ಟು ಅವರೇ ಕಂಡುಹಿಡೀಲಿ.

ಪರೀಕ್ಷೆ ಅಂತ ಬಿಟ್ಟ ಸ್ಥಳ ತುಂಬಿಸೋಕೆ ಕೊಡ್ಬೇಡಿ, ಮನೇಲಿ ನಡೆಯೋ ಮಾತಲ್ಲೇ ನೋಡಿ. ಮಗು ಟಿವಿ ಮುಂದೆ ಕೂತಿರೋವಾಗ "ಡಿಡ್ ಯು ಹಿಯರ್ ದ ಬೆಲ್?" ಅನ್ನಿ, ಬಾಗಿಲು ತೆಗೆಯೋಕೆ ಎದ್ರೆ ಅರ್ಥ ಆಗಿದೆ. ಎರಡೂ ಪದ ಬಾಯಿಗೆ ಸರಾಗ ಬರೋವರೆಗೂ ಸೀ ಮತ್ತು ಲುಕ್ ಕಡೆ ಹೋಗ್ಬೇಡಿ. ಆಮೇಲೆ ಇದೇ ದಾರೀಲಿ ಹೋಗಿ: ನನಗೆ ಕಾಣಿಸ್ತು ಅಂದ್ರೆ ಸೀ, ನಾನು ನೋಡ್ದೆ ಅಂದ್ರೆ ಲುಕ್ ಅಂತ ಶುರು ಮಾಡಿ. ಆ ವಾರ ರೇಡಿಯೋ ಬದಲು ಕಿಟಕಿ ಹತ್ರ ಕೂರಿಸಿ.