ಸುಳ್ಳು ಪತ್ತೆ ಪರೀಕ್ಷೆಗೆ ನಿಮ್ಮ ಮನೆಯವರನ್ನು ಕರೆದರೆ ಏನು ಮಾಡಬೇಕು

ನನ್ನ ತಮ್ಮ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಗಲ್ಲಾದಲ್ಲಿದ್ದ ದುಡ್ಡು ಇರಲಿಲ್ಲ. ಕೀಲಿ ಇದ್ದದ್ದು ನಾಲ್ಕು ಜನರ ಹತ್ತಿರ. ನಾಲ್ವರನ್ನೂ ಠಾಣೆಗೆ ಕರೆದರು. ಎಂಟು ದಿನ ಕೇಳಿದ್ದನ್ನೇ ಕೇಳಿದ ಮೇಲೆ, "ಮಷಿನ್ ಟೆಸ್ಟ್ ಮಾಡಸ್ತೀವಿ, ಒಪ್ತಿಯೇನು?" ಅಂದರಂತೆ.

ಆ ರಾತ್ರಿ ನಮ್ಮ ಮನೆಗೆ ಬಂದ. ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟ. "ಅಕ್ಕ, ಏನ್ ಮಾಡ್ಲಿ?" ಅಂದ. ನಾನು ಹೊಲಿಗೆ ಮಷಿನ್ ಮುಂದೆ ಕೂತಿದ್ದೆ, ತಲೆ ಕೂಡ ಎತ್ತಲಿಲ್ಲ. "ನೀ ತಗೊಂಡಿಲ್ಲ ಅಂದಮ್ಯಾಲ ನಿನಗ್ಯಾಕ ಅಂಜಿಕಿ? ಹ್ಞೂಂ ಅಂದುಬಿಡು" ಅಂದೆ.

ಆ ಮಾತು ನಾನು ಆಡಬಾರದಿತ್ತು. ನಿಮ್ಮ ಮನೆಗೆ ಇಂಥ ದಿನ ಬಂದರೆ ಮೊದಲು ಮಾಡಬೇಕಾದದ್ದು ಇಷ್ಟೇ: ಆ ಮಾತನ್ನು ಆಡಬೇಡಿ.

ಯಾಕೆ ಅಂದರೆ, ಪಾಲಿಗ್ರಾಫ್ ಅನ್ನುವ ಈ ಸುಳ್ಳು ಪತ್ತೆ ಯಂತ್ರ ಸುಳ್ಳನ್ನು ಹಿಡಿಯುವುದಿಲ್ಲ. ಎದೆಗೆ, ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ, ಉಸಿರಾಟ ನೋಡಲು. ತೋಳಿಗೆ ಬಿಪಿ ಪಟ್ಟಿ. ಬೆವರು ಅಳೆಯಲು ಬೆರಳಿಗೆ ಸಣ್ಣ ತಗಡು. ಇವೆಲ್ಲ ಸೇರಿ ಗೆರೆ ಬರೆಯುತ್ತವೆ. ಕದ್ದವನ ಎದೆ ಸಿಕ್ಕಿಬೀಳುವ ಭಯಕ್ಕೆ ಹೊಡೆದುಕೊಳ್ಳುತ್ತದೆ. ಕದಿಯದವನ ಎದೆ ನನ್ನನ್ನು ನಂಬದಿದ್ದರೆ ಏನು ಗತಿ ಅಂತ ಹೊಡೆದುಕೊಳ್ಳುತ್ತದೆ. ಗೆರೆ ಎರಡಕ್ಕೂ ಏಳುತ್ತದೆ. ನಾನು ಟೇಲರ್, ದಿನವೂ ಜನರ ಎದೆಗೆ ಟೇಪು ಹಿಡಿಯುವವಳು. ಟೇಪು ಸುತ್ತಳತೆ ಹೇಳುತ್ತದೆ, ಆ ಮನುಷ್ಯ ಎಂಥವನು ಅಂತ ಹೇಳುವುದಿಲ್ಲ.

ಇದು ನಾನೊಬ್ಬಳೇ ಹೇಳುವ ಮಾತಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಇದರ ಮೇಲೆ ದೊಡ್ಡ ವರದಿ ಕೊಟ್ಟಿತು. ಯಂತ್ರ ಬರೀ ಊಹೆಗಿಂತ ವಾಸಿ, ಆದರೆ ತಪ್ಪೇ ಆಗುವುದಿಲ್ಲ ಅನ್ನುವ ಮಟ್ಟಕ್ಕೆ ಬಹಳ ದೂರ ಅಂತ ಅದರಲ್ಲಿದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ತನ್ನ ದೇಶದ ಗುಟ್ಟನ್ನು ಸೋವಿಯತ್ ರಷ್ಯಾಕ್ಕೆ ಮಾರುತ್ತಲೇ 1986ರಲ್ಲಿ, 1991ರಲ್ಲಿ ಎರಡು ಸಲ ಈ ಪರೀಕ್ಷೆ ಪಾಸಾದ. ಸಿಕ್ಕಿಬಿದ್ದದ್ದು 1994ರಲ್ಲಿ.

ಎರಡನೆಯದು, ಅವತ್ತೇ ಉತ್ತರ ಕೊಡಬೇಡಿ. "ವಕೀಲರನ್ನ ಕೇಳಿ ಹೇಳ್ತೀನ್ರಿ" ಅನ್ನಲು ಕಲಿಸಿ. ಸುಪ್ರೀಂ ಕೋರ್ಟ್ 2010ರ ಮೇ 5ರಂದು ಸೆಲ್ವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ನಮ್ಮ ಕರ್ನಾಟಕ ಸರ್ಕಾರದ ವಿರುದ್ಧವೇ ನಡೆದ ಕೇಸು. ಒಪ್ಪಿಗೆ ಇಲ್ಲದೆ ಯಾರಿಗೂ ಪಾಲಿಗ್ರಾಫ್, ನಾರ್ಕೋ (ಮಂಪರಿನ ಔಷಧಿ ಕೊಟ್ಟು ಪ್ರಶ್ನೆ ಕೇಳುವುದು), ಬ್ರೈನ್ ಮ್ಯಾಪಿಂಗ್ (ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆ ನೋಡುವುದು) ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡಬಾರದು ಅನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬೇಡ ಅನ್ನುವುದು ತಪ್ಪು ಒಪ್ಪಿಕೊಂಡ ಹಾಗಲ್ಲ. ಇದನ್ನು ಮನೆಯ ಹಿರಿಯರಿಗೂ ತಿಳಿಸಿ ಹೇಳಿ. ನಮ್ಮಲ್ಲಿ ಒತ್ತಾಯ ಜಾಸ್ತಿ ಬಂದದ್ದು ಠಾಣೆಯಿಂದಲ್ಲ, ಮನೆಯಿಂದ. ಅವ್ವ, ಮಾವ, ನಾನು, ಎಲ್ಲರೂ "ಒಮ್ಮೆ ಮಾಡಿಸಿಕೊಂಡು ಕಳಂಕ ತೊಳಕೋ" ಅಂದವರೇ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ನಂಬರ್. ಕಸ್ಟಡಿಯಲ್ಲಿ ಇರುವವರಿಗೆ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಸಿಗುತ್ತದೆ.

ಒಪ್ಪುವುದೇ ಆದರೆ ಈ ಮಾತು ನೆನಪಿಡಿ. ಠಾಣೆಯಲ್ಲಿ ಒಂದು ಹಾಳೆಗೆ ಸಹಿ ಹಾಕಿದರೆ ಅದು ಒಪ್ಪಿಗೆ ಆಗುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ನಿಯಮ ಮಾಡಿದೆ, ಅದನ್ನು ಪಾಲಿಸಲೇಬೇಕು ಅಂತ ಸೆಲ್ವಿ ತೀರ್ಪು ಹೇಳಿದೆ. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಬರೆಸಬೇಕು. ಆಗ ವಕೀಲರು ಜೊತೆಗಿರಬೇಕು. ಪರೀಕ್ಷೆಯಿಂದ ಮೈಗೆ, ಮನಸ್ಸಿಗೆ, ಕೇಸಿಗೆ ಏನಾಗಬಹುದು ಅಂತ ಮೊದಲೇ ತಿಳಿಸಬೇಕು. ಎಷ್ಟು ದಿನ ಹಿಡಿದಿಟ್ಟಿದ್ದರು, ಹೇಗೆ ವಿಚಾರಣೆ ಮಾಡಿದರು ಅನ್ನುವುದನ್ನೂ ಮ್ಯಾಜಿಸ್ಟ್ರೇಟರು ನೋಡಬೇಕು. ಹಾಗಾಗಿ ಠಾಣೆಗೆ ಕರೆದ ದಿನ, ಹೋದ ಹೊತ್ತು, ಬಿಟ್ಟ ಹೊತ್ತು, ಎಲ್ಲವನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ನಾನು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿಟ್ಟೆ. ನಮ್ಮ ವಕೀಲರಿಗೆ ಅದು ಬಹಳ ಕೆಲಸಕ್ಕೆ ಬಂತು.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಆದರೆ ಅಲ್ಲಿ ಆಡಿದ ಮಾತಿನ ಸುಳಿವು ಹಿಡಿದು ಆಮೇಲೆ ಏನಾದರೂ ವಸ್ತು ಸಿಕ್ಕರೆ, ಅದನ್ನು ಸಾಕ್ಷಿಯಾಗಿ ತರಬಹುದು. "ಇದು ಕೋರ್ಟಿಗೆ ಹೋಗಲ್ಲ ಬಿಡು" ಅಂತ ಯಾರಾದರೂ ಸಮಾಧಾನ ಹೇಳಿದರೆ ಅದು ಅರ್ಧ ಸತ್ಯ.

ತಮ್ಮ ಕೊನೆಗೆ ಒಪ್ಪಿದ. ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಯಿತು. ರಾತ್ರಿ ರೈಲು. ನಾನೂ ಹೋದೆ. ಅವನು ಬೆಳತನಕ ಬಾಗಿಲ ಹತ್ತಿರವೇ ನಿಂತಿದ್ದ. ನಿದ್ದೆ ಇಲ್ಲದೆ, ಹಸಿದುಕೊಂಡು ಆ ಕುರ್ಚಿಯಲ್ಲಿ ಕೂರುವ ಹಾಗೆ ಮಾಡಬೇಡಿ. ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ. ಬಿಪಿ, ಹೃದಯದ ತೊಂದರೆ, ದಮ್ಮು, ಮೂರ್ಛೆ ರೋಗ, ಬಸಿರು, ದಿನಾ ನುಂಗುವ ಗುಳಿಗೆ, ಎಲ್ಲವನ್ನೂ ಅಲ್ಲಿನ ತಜ್ಞರಿಗೆ ಹೇಳಿ. ಚೀಟಿ ಇದ್ದರೆ ತೋರಿಸಿ.

ಕೇಳುವ ಪ್ರಶ್ನೆಗಳನ್ನು ಮೊದಲೇ ಓದಿ ಹೇಳುತ್ತಾರೆ. ಹೌದು, ಇಲ್ಲ, ಇಷ್ಟರಲ್ಲೇ ಉತ್ತರ. ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಸಿಗೆ ಸಂಬಂಧವಿಲ್ಲದ ಪ್ರಶ್ನೆಯೂ ಬರುತ್ತದೆ: "ಹಿಂದೆ ಯಾವತ್ತಾದರೂ ಯಾರದಾದರೂ ವಸ್ತು ತೆಗೆದುಕೊಂಡಿದ್ದೀಯಾ?" ಇದು ಬೇಕೆಂತಲೇ ಇಟ್ಟ ಪ್ರಶ್ನೆ. ಇದಕ್ಕೆ ಏಳುವ ಗೆರೆಯನ್ನು ಕೇಸಿನ ಪ್ರಶ್ನೆಯ ಗೆರೆಯ ಪಕ್ಕ ಇಟ್ಟು ನೋಡುತ್ತಾರೆ. ನನ್ನ ತಮ್ಮನಿಗೆ ಇದು ಯಾರೂ ಹೇಳಿರಲಿಲ್ಲ. ಚಿಕ್ಕವನಿದ್ದಾಗ ಅವ್ವನ ಜೋಳದ ಡಬ್ಬಿಯಿಂದ ಐದು ರೂಪಾಯಿ ತೆಗೆದದ್ದು ಅವನಿಗೆ ನೆನಪಾಯಿತು. ಊರಿಗೆ ವಾಪಸ್ ಬಂದವನು ಮೊದಲು ಮಾಡಿದ ಕೆಲಸ ಅವ್ವನ ಮುಂದೆ ಕೂತು ಅದನ್ನು ಹೇಳಿ ಅತ್ತದ್ದು. ಮೂವತ್ತೊಂದು ವರ್ಷದ ಗಂಡಸು. ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಅವನ ತಲೆ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತಳು.

ಪರೀಕ್ಷೆ ಮುಗಿಯಿತು ಅಂತ ನೀವು ಹಗುರಾಗುವ ಹೊತ್ತೇ ಎಲ್ಲಕ್ಕಿಂತ ಕಷ್ಟದ್ದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1973ರಲ್ಲಿ ಪೀಟರ್ ರೈಲಿ ಅನ್ನುವ 18 ವರ್ಷದ ಹುಡುಗನ ತಾಯಿಯ ಕೊಲೆಯಾಯಿತು. ನೀನು ಪಾಲಿಗ್ರಾಫ್‌ನಲ್ಲಿ ಫೇಲ್ ಆಗಿದ್ದೀಯ ಅಂತ ಅವನಿಗೆ ಹೇಳಿದರು. ಗಂಟೆಗಟ್ಟಲೆ ವಿಚಾರಣೆ ಆದ ಮೇಲೆ ಅವನಿಗೆ ತನ್ನ ನೆನಪಿನ ಮೇಲೆಯೇ ನಂಬಿಕೆ ಹೋಯಿತು. ನಾನೇ ಮಾಡಿರಬೇಕು ಅಂತ ಬರೆದುಕೊಟ್ಟ. ಶಿಕ್ಷೆಯೂ ಆಯಿತು. ಅವನು ಮಾಡಿಲ್ಲ ಅಂತ ತೀರ್ಮಾನವಾಗಲು ವರ್ಷಗಳೇ ಬೇಕಾದವು. ಆದ್ದರಿಂದ "ಮಷಿನ್ ನಿನ್ನ ಹಿಡಿದುಬಿಟ್ಟದ" ಅಂತ ಯಾರೇ ಹೇಳಲಿ, ಆ ಹೊತ್ತಿನಲ್ಲಿ ಏನನ್ನೂ ಬರೆದು ಕೊಡಬಾರದು, ವಕೀಲರನ್ನು ಕೇಳದೆ ಸಹಿ ಹಾಕಬಾರದು. ಇದನ್ನು ನಿಮ್ಮವರಿಗೆ ಪರೀಕ್ಷೆಗೆ ಮೊದಲೇ ಹತ್ತು ಸಲ ಹೇಳಿ.

ನಮ್ಮ ಓಣಿಯಲ್ಲಿ ವರದಿ ಬರುವ ಮೊದಲೇ "ಫೇಲ್ ಆಗ್ಯಾನಂತ" ಅನ್ನುವ ಮಾತು ಬಂತು. ಯಾರು ಹಬ್ಬಿಸಿದರೋ. ತಮ್ಮ ಹೊರಗೆ ಹೋಗುವುದು ಬಿಟ್ಟ. ಮಾಳಿಗೆ ಮೇಲೆ ಮಲಗಿ ರಾತ್ರಿಯೆಲ್ಲ ತನ್ನ ಉಸಿರು ತಾನೇ ಎಣಿಸುತ್ತಿದ್ದ. "ಅಕ್ಕ, ನಾನೇ ತಗೊಂಡು ಮರತೀನೇನು?" ಅಂತ ಒಂದು ದಿನ ಕೇಳಿದ. ಅವತ್ತಿನಿಂದ ಅವನನ್ನು ಒಬ್ಬನೇ ಮಲಗಲು ಬಿಡಲಿಲ್ಲ. ನೀವೂ ಬಿಡಬೇಡಿ. ಊಟ ಬಿಟ್ಟರೆ, ಮಾತು ಬಿಟ್ಟರೆ, "ನಾ ಇದ್ದು ಏನ್ ಮಾಡೋದದ" ಅನ್ನುವಂಥ ಮಾತು ಬಂದರೆ, ತಡ ಮಾಡದೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾವು ಮಾಡಿದ್ದು ತಡವಾಗಿ, ಆದರೂ ಮಾಡಿದೆವು.

ಆಮೇಲೆ ಚಾರ್ಜ್‌ಶೀಟ್ ಬೇರೆಯವರ ಮೇಲೆ ಆಯಿತು. ತಮ್ಮನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿತ್ತು. ಈಗ ಬೇರೆ ಕಡೆ ಲೆಕ್ಕ ಬರೆಯುತ್ತಾನೆ, ಗಲ್ಲಾದ ಕೀಲಿ ಮಾತ್ರ ಇಟ್ಟುಕೊಳ್ಳುವುದಿಲ್ಲ.

ಹೋದ ತಿಂಗಳು ಜ್ವರ ಅಂತ ದವಾಖಾನೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಬಿಪಿ ಪಟ್ಟಿ ತೋಳಿಗೆ ಸುತ್ತಿದ ಕೂಡಲೇ ಕೈ ಎಳೆದುಕೊಂಡು ಎದ್ದು ನಿಂತ, ಮೈಯೆಲ್ಲ ಬೆವರು. ನಾನು ಅವರಿಗೆ ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವರು ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, "ಕೂಡ್ರಪಾ, ಅವಸರ ಇಲ್ಲ" ಅಂದರು. ಹತ್ತು ನಿಮಿಷ ಬಿಟ್ಟು ಅವನೇ ತೋಳು ಮುಂದೆ ಮಾಡಿದ. ನಿಮ್ಮವರನ್ನು ದವಾಖಾನೆಗೆ ಕರೆದೊಯ್ಯುವಾಗ ನೀವೂ ಇದನ್ನು ಮೊದಲೇ ಹೇಳಿಬಿಡಿ.